ಊಟಕ್ಕೆ ಹೋಗುವ ಯಂತ್ರ

ಔಷಧದ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಪಾದರಸ ಎಂದೇ ಕರೆಯುತ್ತಿದ್ದರು. ಹದಿನಾರು ವರ್ಷ ಆ ಕೌಂಟರಿನ ಹಿಂದೆ ನಿಂತಿದ್ದಳು. ನಿಂತಿದ್ದಳು ಎನ್ನುವುದು ಮಾತಿಗೆ ಅಷ್ಟೆ, ಒಂದು ಕಡೆ ನಿಂತದ್ದನ್ನು ಕಂಡವರಿಲ್ಲ. ಕಪಾಟಿನ ಏಣಿಯಿಂದ ಇಳಿಯುವ ಮೊದಲೇ ಮುಂದಿನವರ ಚೀಟಿಗೆ ಕೈ ಚಾಚುತ್ತಿದ್ದಳು. ಡಾಕ್ಟರ ಅಕ್ಷರ ಎಂಥ ಕಾಗೆ ಕಾಲು ಗುಬ್ಬಿ ಕಾಲಾಗಿದ್ದರೂ ಅವಳ ಕಣ್ಣಿಗೆ ಅದು ಅಚ್ಚಿನಂತೆ ಕಾಣುತ್ತಿತ್ತು. ಬೇರೆ ಅಂಗಡಿಗಳವರು ಕೂಡ ಓದಲಾಗದ ಚೀಟಿಯ ಫೋಟೋ ತೆಗೆದು ಅವಳ ಫೋನಿಗೆ ಕಳಿಸುತ್ತಿದ್ದರು. "ಅಕ್ಕ, ಇದು ಎದೆಯುರಿಗಾ, ಎದೆನೋವಿಗಾ?" ಎಂದು ಒಬ್ಬ ಕೇಳಿದ ದಿನ ಅವಳಿಗೆ ಊಟ ಸೇರಲಿಲ್ಲ. ಕೇಳದೆಯೇ ಕೊಟ್ಟುಬಿಡುವವರು ಎಷ್ಟು ಮಂದಿಯೋ ಎಂಬುದು ಅವಳ ಚಿಂತೆ.

ಅದನ್ನು ಮೈದುನನ ಮುಂದೆ ಹೇಳಿಕೊಂಡಳು. ಅವನು ಒಂದು ಕಂಪನಿಯಲ್ಲಿ ತಂತ್ರಾಂಶ ಬರೆಯುತ್ತಿದ್ದ.

"ಅತ್ತಿಗೆ, ನೀವು ಓದೋದನ್ನ ಕಂಪ್ಯೂಟರಿಗೆ ಕಲಿಸಿಬಿಟ್ರೆ?"

ಆ ಒಂದು ಮಾತು ಸಾಕಾಯಿತು. ಎರಡು ತಿಂಗಳೊಳಗೆ ಇಬ್ಬರೂ ಇದ್ದ ಕೆಲಸ ಬಿಟ್ಟು, ಕನ್ನಡಕದ ಅಂಗಡಿಯ ಮಹಡಿಯ ಮೇಲೊಂದು ಕೋಣೆ ಹಿಡಿದು, ಕಂಪನಿ ತೆರೆದರು. ಅವಳ ಗಂಡ ಬೋರ್ಡು ಹೊಡೆಯಲು ಬಂದವನು, "ಮನೇಲಿ ಒಬ್ಬರಿಗೆ ಹುಚ್ಚು ಹಿಡಿದಿದ್ರೆ ಸಾಲ್ತಿತ್ತು" ಎಂದು ಹೇಳಿ ಮೊಳೆ ಬಾಯಲ್ಲಿಟ್ಟುಕೊಂಡ.

ಕೆಲಸ ಹೀಗೆ: ಅಂಗಡಿಯವರು ಚೀಟಿಯ ಫೋಟೋ ಕಳಿಸಬೇಕು, ಯಂತ್ರ ಅದನ್ನು ಓದಿ ಮಾತ್ರೆಯ ಹೆಸರು, ಪ್ರಮಾಣ, ಎಷ್ಟು ಸಲ ಎಂಬುದನ್ನು ಅಚ್ಚಕ್ಷರದಲ್ಲಿ ತಿರುಗಿ ಕಳಿಸಬೇಕು. ಹತ್ತರಲ್ಲಿ ಆರನ್ನು ಅದು ಸರಿಯಾಗಿ ಓದುತ್ತಿತ್ತು. ಅನುಮಾನ ಬಂದ ನಾಲ್ಕು ಅವಳ ಪರದೆಗೆ ಬೀಳುತ್ತಿದ್ದವು. ಅವಳು ಓದಿ ಗುಂಡಿ ಒತ್ತಿದರೆ ಉತ್ತರ ಹೋಗುತ್ತಿತ್ತು. ಯಾರು ಓದಿದರೆಂದು ಕಳಿಸಿದವರಿಗೆ ತಿಳಿಯುತ್ತಿರಲಿಲ್ಲ.

"ಮೊದಮೊದಲು ಎಲ್ಲರೂ ಹೀಗೇ ನಡೆಸೋದು ಅತ್ತಿಗೆ. ನೀವು ಓದಿದ್ದೆಲ್ಲ ಅದು ಕಲೀತಾ ಹೋಗುತ್ತೆ."

"ಅಲ್ಲೀವರೆಗೆ ನಾನೇ ಯಂತ್ರ ಅನ್ನು."

ಊಟದ ಅರ್ಧ ಗಂಟೆ ಬಿಟ್ಟರೆ ಬೆಳಗಿನ ಎಂಟರಿಂದ ಸಂಜೆಯವರೆಗೆ ಅವಳು ಪರದೆಯ ಮುಂದಿನ ಸ್ಟೂಲಿನಿಂದ ಏಳುವಂತಿರಲಿಲ್ಲ. ಪಾದರಸವನ್ನು ಬಟ್ಟಲಲ್ಲಿಟ್ಟು ಅಲುಗಬೇಡ ಎಂದ ಹಾಗಾಗಿತ್ತು. ಮೇಜಿನ ಕೆಳಗೆ ಅವಳ ಮೊಣಕಾಲು ಒಂದೇ ಸಮನೆ ಕುಣಿಯುತ್ತಿತ್ತು.

ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಬೇರೆ. ಹನ್ನೊಂದು ಔಷಧದ ಅಂಗಡಿಗಳ ಯಜಮಾನರೊಬ್ಬರು ಒಂದು ತಿಂಗಳು ಬಳಸಿ ನೋಡಲು ಒಪ್ಪಿದ್ದರು. ಅವರ ಎದುರು ಮೈದುನ, "ಎಲ್ಲಾನೂ ಯಂತ್ರವೇ ಓದುತ್ತೆ ಸಾರ್" ಎಂದಿದ್ದ. ಇವಳು ಪಕ್ಕದಲ್ಲಿ ಕೂತು ತಲೆಯಾಡಿಸಿದ್ದಳು. ಯಜಮಾನರು ಹನ್ನೊಂದಕ್ಕೂ ಒಪ್ಪಿದರೆ ಕಂಪನಿ ನಿಂತೀತು. ಇಲ್ಲವಾದರೆ ಮೈದುನ ಒಂದನೇ ತಾರೀಖು ಮತ್ತೆ ನೌಕರಿಗೆ ಹೋಗಬೇಕು. ತಲೆಯಾಡಿಸಿದ ಆ ಗಳಿಗೆ ನೆನಪಾದಾಗಲೆಲ್ಲ ಅವಳಿಗೆ ಮುಳ್ಳಿನ ಮೇಲೆ ಕೂತಂತಾಗುತ್ತಿತ್ತು.

ಮೂರನೆಯ ವಾರ ಯಜಮಾನರ ಫೋನು ಬಂತು.

"ಚೆನ್ನಾಗಿದೆಯಮ್ಮ ನಿಮ್ಮ ಯಂತ್ರ. ಒಂದೇ ಒಂದು ಅನುಮಾನ. ದಿನಾ ಒಂದರಿಂದ ಒಂದೂವರೆವರೆಗೆ ಉತ್ತರ ತಡ. ಊಟಕ್ಕೆ ಹೋಗುತ್ತಾ ಹೇಗೆ?"

ಅವರು ನಕ್ಕರು. ಅವಳೂ ನಕ್ಕಳು.

"ಸರ್ವರ್ ಮೇಲೆ ಒತ್ತಡ ಅಂತ ಹೇಳಿಬಿಡೋಣ" ಎಂದ ಮೈದುನ.

"ಹೊಟ್ಟೆ ಮೇಲೆ ಅಂತ ಹೇಳು. ಅಷ್ಟಾದ್ರೂ ನಿಜ ಆಗುತ್ತೆ."

ಮರುದಿನದಿಂದ ಊಟದ ಡಬ್ಬಿ ಮೇಜಿನ ಮೇಲೆಯೇ ಬಂತು. ಬಲಗೈಯಲ್ಲಿ ತುತ್ತು, ಎಡಗೈಯಲ್ಲಿ ಗುಂಡಿ. ಎರಡು ದಿನ ಉತ್ತರಗಳು ತಡವಾಗಲಿಲ್ಲ. ಮೂರನೆಯ ದಿನ ಒಂದು ಗಂಟೆ ಹತ್ತು ನಿಮಿಷಕ್ಕೆ ಕೀಲುನೋವಿನ ಮಾತ್ರೆಯ ಚೀಟಿಯೊಂದು ಬಂತು. ಓದಿದಳು, ಒತ್ತಿದಳು, ಕಳಿಸಿದಳು. ಮುಂದಿನ ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಬೆರಳು ಎಲ್ಲಿ ಬಿದ್ದಿತ್ತೆಂಬುದು ನೆನಪಾಯಿತು. ಪರದೆಯ ಮೇಲೆ "ವಾರಕ್ಕೊಮ್ಮೆ" ಎಂಬ ಗುಂಡಿಯ ಪಕ್ಕದಲ್ಲೇ "ದಿನಕ್ಕೊಮ್ಮೆ" ಎಂಬುದಿತ್ತು. ಎಡಗೈ ಅದನ್ನು ಒತ್ತಿತ್ತು. ವಾರಕ್ಕೊಂದು ನುಂಗಬೇಕಾದ ಆ ಮಾತ್ರೆಯನ್ನು ದಿನಾ ನುಂಗಿದರೆ ಅದು ವಿಷ.

ಎಂಜಲು ಕೈಯಲ್ಲೇ ಫೋನು ಎತ್ತಿದಳು. ಮೈದುನ ತಡೆದ.

"ಅತ್ತಿಗೆ, ಸರಿಮಾಡಿ ಇನ್ನೊಂದು ಉತ್ತರ ಕಳಿಸಿ. ಫೋನ್ ಬೇಡ, ಗೊತ್ತಾಗಿಬಿಡುತ್ತೆ."

"ಅವರು ನೋಡದೇ ಇದ್ರೆ?"

ಅವಳು ಆ ಅಂಗಡಿಯ ನಂಬರು ಒತ್ತಿದಳು.

ಆ ಕಡೆ ಅಂಗಡಿಯ ಹುಡುಗಿ ಫೋನು ಎತ್ತಿದಳು. "ಯಾರು?"

"ಚೀಟಿ ಓದಿದವಳು. ಆ ಕೀಲುನೋವಿನ ಮಾತ್ರೆ ವಾರಕ್ಕೊಂದು, ದಿನಾ ಅಲ್ಲ. ಕೊಟ್ಟುಬಿಟ್ರಾ?"

"ಓದಿದವಳಾ? ಅದು ಯಂತ್ರ ಅಲ್ವಾ ಅಕ್ಕ?"

"ನಾನೇ ಓದಿದ್ದು. ಮಾತ್ರೆ ತಗೊಂಡವರೆಲ್ಲಿ?"

"ಈಗ ತಾನೇ ಮೆಟ್ಟಿಲು ಇಳಿದ್ರು, ಅಜ್ಜಿ."

"ಓಡಮ್ಮ."

ಫೋನು ಕೌಂಟರಿನ ಮೇಲೆ ಬಿದ್ದ ಸದ್ದು. ಆಮೇಲೆ ಬರೀ ಬೀದಿಯ ಗದ್ದಲ. ಅವಳು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಎಷ್ಟು ಸಲ ಹೋಗಿ ಬಂದಳೋ. ಕೊನೆಗೆ ಏದುಸಿರಿನ ದನಿ ಕೇಳಿತು. "ಸಿಕ್ಕಿದ್ರು ಅಕ್ಕ. ಪೊಟ್ಟಣದ ಮೇಲೆ ಬರೆದುಕೊಟ್ಟೆ. ನನ್ನನ್ನೇ ಬೈದ್ರು, ಬಸ್ಸು ಹೋಯಿತು ಅಂತ."

ಸುದ್ದಿ ತಾನಾಗಿ ಮುಟ್ಟುವ ಮೊದಲೇ ಅವಳು ಯಜಮಾನರ ಕಚೇರಿಗೆ ಹೋದಳು. ಕೂತುಕೊಳ್ಳಿ ಎಂದರೂ ಕೂರದೆ ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕೈತಪ್ಪು ನನ್ನ ಅಂಗಡೀಲೂ ಆಗುತ್ತಮ್ಮ. ಆದರೆ ಯಾರ ಕೈ ಅಂತ ನನಗೆ ಗೊತ್ತಿರುತ್ತೆ. ನೀವು ಕೈಯೇ ಇಲ್ಲ ಅಂದ್ರಿ."

"ಹೌದು ಸಾರ್."

"ಯಂತ್ರ ಬಿಡಿ. ನನ್ನ ದೊಡ್ಡ ಅಂಗಡಿಗೆ ಬಂದು ನಿಂತುಕೊಳ್ಳಿ. ನಿಮ್ಮ ಕಣ್ಣು ನನಗೆ ಬೇಕು."

ಒಂದು ಕ್ಷಣ ಆ ಏಣಿ, ಆ ಓಡಾಟ ಅವಳ ಕಣ್ಣ ಮುಂದೆ ಬಂದವು. "ನನ್ನ ಕಣ್ಣು ಒಂದೇ ಅಂಗಡೀಲಿ ಇರುತ್ತೆ ಸಾರ್. ಮಿಕ್ಕ ಹತ್ತರಲ್ಲಿ?"

ಯಜಮಾನರು ಕನ್ನಡಕ ಎತ್ತಿ ಮತ್ತೆ ಹಾಕಿಕೊಂಡರು. "ಯಾರು ಓದಿದ್ದು ಅಂತ ಪ್ರತಿ ಉತ್ತರದ ಕೆಳಗೂ ಬರೀಬೇಕು. ಆಗ ಒಂದು ಅಂಗಡಿ ಕೊಡ್ತೀನಿ. ಆ ಹುಡುಗಿ ಓಡಿದ ಅಂಗಡಿ. ಹನ್ನೊಂದರ ಮಾತು ಈಗ ಬೇಡ."

ಒಂದು ಅಂಗಡಿ ಇಬ್ಬರನ್ನು ಸಾಕದು. ಒಂದನೇ ತಾರೀಖು ಮೈದುನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಳೆಯ ಕಂಪನಿಗೆ ಹೋದ. ಹೋಗುವ ಮೊದಲು ಉತ್ತರದ ಕೆಳಗೆ ಆ ಒಂದು ಸಾಲು ಸೇರಿಸಿ, ದಿನದ ಗುಂಡಿ, ವಾರದ ಗುಂಡಿ ಎರಡನ್ನೂ ಪರದೆಯ ಎರಡು ತುದಿಗೆ ಸರಿಸಿದ್ದ. "ಭಾನುವಾರ ಬರ್ತೀನಿ ಅತ್ತಿಗೆ" ಎಂದಾಗ ಅವಳ ಮುಖ ನೋಡಲಿಲ್ಲ.

ಅವಳೊಬ್ಬಳೇ ಕೋಣೆಯ ಬೀಗ ತೆಗೆದಳು. ಮೊದಲ ಚೀಟಿಯನ್ನು ಯಂತ್ರವೇ ಓದಿತು, ತಪ್ಪಿಲ್ಲದೆ. ಅದರ ಕೆಳಗೆ "ಯಂತ್ರ ಓದಿದ್ದು" ಎಂದು ಬರೆದುಕೊಂಡು ಉತ್ತರ ಹೋಯಿತು. ಅರೆ ನಿಮಿಷವಾಗಿರಲಿಲ್ಲ, ಫೋನು ಬಡಿದುಕೊಂಡಿತು. ಅಂಗಡಿಯ ಆ ಹುಡುಗಿ.

"ಅಕ್ಕ, ಇದು ಯಂತ್ರ ಓದಿದ್ದು ಅಂತಿದೆ."

"ಹೌದಮ್ಮ, ಸರಿಯಾಗೇ ಓದಿದೆ."

"ಇರಬಹುದು. ನೀವೂ ಒಂದು ಸಲ ನೋಡಿಬಿಡಿ. ಆಮೇಲೆ ಕೊಡ್ತೀನಿ."

ಹತ್ತರಲ್ಲಿ ಆರನ್ನು ಯಂತ್ರಕ್ಕೆ ಬಿಟ್ಟಿದ್ದವಳಿಗೆ ಈಗ ಹತ್ತಕ್ಕೆ ಹತ್ತೂ ತಲೆಯ ಮೇಲೆ ಬಂದಿತ್ತು. ಅವಳು ಸ್ಟೂಲನ್ನು ಕಾಲಿಂದ ಪಕ್ಕಕ್ಕೆ ತಳ್ಳಿ, ನಿಂತೇ ಪರದೆಯ ಮೇಲೆ ಬಾಗಿದಳು.

"ತಡಿ, ನೋಡ್ತೀನಿ" ಎಂದಳು.