ಹುಳುಗಳು ಜ್ವರಕ್ಕೆ ಕೂತ ದಿನ

2007ನೇ ಇಸವಿ. ನಾನು ರಾಮನಗರದ ಹಾಸ್ಟೆಲಿನಲ್ಲಿದ್ದುಕೊಂಡು ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದೆ. ಬಿಡದಿ ಕಡೆ ಒಂದರ ಹಿಂದೊಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ. ಮಗಳು ಅಲ್ಲೇ ಇಂಜಿನಿಯರ್ ಆಗುತ್ತಾಳೆಂದು ಅಪ್ಪ ಊರಿಗೆಲ್ಲ ಹೇಳಿಕೊಂಡು ಓಡಾಡಿದ್ದರು.

ನನ್ನದೋ ವಿಚಿತ್ರ ಸ್ವಭಾವ. ರೂಮ್‌ಮೇಟ್ ಶೈಲಾ ಅರ್ಧಂಬರ್ಧ ಓದಿ ಹಾಯಾಗಿ ನಿದ್ದೆ ಹೊಡೆಯುತ್ತಿದ್ದಳು. ನಾನು ಒಂದು ಲೆಕ್ಕ ತಪ್ಪಿದರೆ ಇಡೀ ಅಧ್ಯಾಯವನ್ನೇ ಮೊದಲಿನಿಂದ ಮಾಡುತ್ತಿದ್ದೆ. ಪರೀಕ್ಷೆಗೆ ಹತ್ತು ದಿನವಿದ್ದಾಗ ತಲೆ ಕೈಕೊಟ್ಟಿತು. ಪುಟ ತೆರೆದರೆ ಅಕ್ಷರ ಕಾಣುತ್ತಿತ್ತು, ಒಂದೂ ಒಳಗಿಳಿಯುತ್ತಿರಲಿಲ್ಲ. ಓದುವ ರಜೆಯೆಂದು ಹೇಳಿ ವಿರೂಪಾಕ್ಷಿಪುರದ ಹತ್ತಿರದ ನಮ್ಮೂರಿಗೆ ಬಂದುಬಿಟ್ಟೆ.

ಮನೆಯಲ್ಲಿ ರೇಷ್ಮೆ ಹುಳು ಸಾಕಿದ್ದರು. ಓದುವ ಹುಡುಗಿಯೆಂದು ನನ್ನನ್ನು ಆ ಕೆಲಸಕ್ಕೆ ಯಾವತ್ತೂ ಕರೆದವರಲ್ಲ. ಒಂದು ಬೆಳಿಗ್ಗೆ ಅಪ್ಪ, ಅಮ್ಮ ಕೆಂಗಲ್ ದೇವಸ್ಥಾನಕ್ಕೆ ಹೋಗಿದ್ದಾಗ, ಪುಸ್ತಕದ ಮುಖ ನೋಡಲಾರದೆ ಹುಳುವಿನ ಮನೆಗೆ ಹೋದೆ. ಬಿದಿರಿನ ತಟ್ಟೆಗಳಲ್ಲಿ ಹುಳುಗಳು ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿದ್ದವು. ಗಾಬರಿಯಾಯಿತು. ಎಳೆ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ಹಾಕಿದೆ. ತಿನ್ನಲಿಲ್ಲ. ಸಣ್ಣಗೆ ಹೆಚ್ಚಿ ಇನ್ನಷ್ಟು ಹಾಕಿದೆ. ಬಿಟ್ಟುಬಿಡುವುದು ನನ್ನ ಜಾಯಮಾನದಲ್ಲೇ ಇಲ್ಲವಲ್ಲ!

ಮಧ್ಯಾಹ್ನ ಬಂದ ಅಪ್ಪ ಬಾಗಿಲಲ್ಲೇ ನಿಂತರು. "ಅಯ್ಯೋ, ಏನವ್ವ ಮಾಡ್ಬುಟ್ಟೆ? ಹುಳ ಜ್ವರಕ್ಕೆ ಕುಂತವೆ ಕಣವ್ವ!"

ಪೊರೆ ಬಿಡುವ ಮುಂಚೆ ಹುಳುಗಳು ಒಂದು ದಿನ ಮೇವು ಬಿಟ್ಟು ಹಾಗೆ ಕೂರುತ್ತವಂತೆ. ಅದಕ್ಕೇ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹೇರಿದರೆ ತೇವ ಹೆಚ್ಚಿ ಸಾಯುತ್ತವೆ. ಅಪ್ಪ ಬೈಯಲಿಲ್ಲ. ಎಲೆ ತೆಗೆದು ಸುಣ್ಣದ ಪುಡಿ ಉದುರಿಸುತ್ತಾ, "ತಿನ್ನಾಕಿಲ್ಲ ಅಂದ್ರೆ ಬುಟ್ಬುಡ್ಬೇಕು. ಒಸಿ ಸುಮ್ಕಿದ್ರೆ ಅವೇ ಎದ್ದು ತಿಂತವೆ" ಎಂದರು.

ನನಗೆ ಅಳು ತಡೆಯಲಾಗಲಿಲ್ಲ. "ಅಪ್ಪಾ, ನಂಗೆ ಓದಕ್ಕೆ ಆಯ್ತಿಲ್ಲ. ಈ ಸಲ ಪರೀಕ್ಷೆ ಬರಿಯಾಕಿಲ್ಲ" ಎಂದುಬಿಟ್ಟೆ.

ಅಪ್ಪ ಕೈ ಒರೆಸಿಕೊಂಡರು. ಆಮೇಲೆ, "ಮುಂದಿನ ಸಲ ಬರಿಯಾಕೆ ಬುಡ್ತಾರಾ?" ಎಂದು ಕೇಳಿದರು. ಹೂಂ ಎಂದು ತಲೆಯಾಡಿಸಿದೆ.

"ಸರಿ, ಹೋಗಿ ಮನಿಕೊ."

ಆ ಸಲ ಒಂದು ತಟ್ಟೆಯ ಹುಳುಗಳು ನನ್ನಿಂದಲೇ ಸತ್ತವು. ನಾನು ಡಿಗ್ರಿ ಮುಗಿಸಿದ್ದು ಒಂದು ವರ್ಷ ತಡವಾಗಿ. ಎರಡೂ ಈಗ ಅಷ್ಟಾಗಿ ನೋಯಿಸುವುದಿಲ್ಲ.

ಮರೆಯಲಾಗದ್ದು ಪರೀಕ್ಷೆ ಶುರುವಾದ ದಿನ. ಜಗಲಿಯಲ್ಲಿ ಪಕ್ಕದ ಮನೆಯವರು, "ಏನ್ಲಾ, ಮಗ್ಳಿಗೆ ಪರೀಕ್ಷೆ ಇಲ್ವಾ?" ಎಂದು ಅಪ್ಪನನ್ನು ಕೇಳಿದ್ದು ಒಳಗೆ ಮಲಗಿದ್ದ ನನಗೆ ಕೇಳಿಸಿತು. ನಾಚಿಕೆಯಿಂದ ಮುಸುಕೆಳೆದುಕೊಂಡೆ.

"ಐತೆ. ನಾನೇ ಬ್ಯಾಡ ಅಂದೆ" ಎಂದರು ಅಪ್ಪ.

ನನ್ನಪ್ಪ ಹೇಳಿದ ಸುಳ್ಳು ನಾನು ಕೇಳಿರುವುದು ಅದೊಂದೇ.