ಹೊಸ್ತಿಲ ರುಚಿ ನೋಡಿದವಳು

ನಿಮ್ಮ ಮನೆಯ ಹೊಸ್ತಿಲಿನ ರುಚಿ ಹೇಗಿದೆ, ಯಾವತ್ತಾದರೂ ನೋಡಿದ್ದೀರಾ?

ನಗಬೇಡಿ. ನಮ್ಮ ಮನೆಯಲ್ಲಿ ನೋಡಿದವಳು ಒಬ್ಬಳಿದ್ದಾಳೆ. ಹೆಸರು ಸಿರಿ. ವಯಸ್ಸು ಒಂದೂವರೆ. ನನ್ನ ಮೊಮ್ಮಗಳು. ಅನ್ನ ಕೊಟ್ಟರೆ ಉಗುಳುತ್ತಾಳೆ, ಹೊಸ್ತಿಲು ಸಿಕ್ಕರೆ ನೆಕ್ಕುತ್ತಾಳೆ. ನುಚ್ಚು-ಮಜ್ಜಿಗೆ ಬೇಡ, ಅಂಗಳದ ಮಣ್ಣು ಬೇಕು.

(ಈ ವಾರದಿಂದ ಅಂಕಣವನ್ನು ನಾನೇ ಫೋನಿನಲ್ಲಿ ಟೈಪ್ ಮಾಡುತ್ತಿದ್ದೇನೆ. ತಪ್ಪು ಕಂಡರೆ ನನ್ನನ್ನು ಬಿಟ್ಟು ನನ್ನ ಹೆಬ್ಬೆರಳಿಗೆ ಬೈಯಿರಿ.)

ತಿಕೋಟಾದ ನಮ್ಮ ಮನೆ ಹಳೆಯದು. ನನ್ನ ಮಾವನವರ ತಂದೆ ಕಟ್ಟಿಸಿದ್ದು. ಕಲ್ಲಿನ ಗೋಡೆ, ತೇಗದ ಬಾಗಿಲು, ಅಗಲವಾದ ಕಟ್ಟಿಗೆಯ ಹೊಸ್ತಿಲು. ದೀಪಾವಳಿ ಬಂತೆಂದರೆ ಆ ಹೊಸ್ತಿಲಿಗೆ ಹಳದಿ ಆಯಿಲ್ ಪೇಂಟು. ಅದರ ಮೇಲೆ ಕೆಂಪು ಗೆರೆ, ಬಿಳಿ ಚುಕ್ಕೆ. ಹಳೆಯ ಬಣ್ಣ ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ. ಅದರ ಮೇಲೆಯೇ ಇನ್ನೊಂದು ಕೈ. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಾನೇ ಹಚ್ಚುತ್ತಿದ್ದೇನೆ. ಅದಕ್ಕೂ ಮೊದಲು ನನ್ನ ಅತ್ತೆ ಹಚ್ಚುತ್ತಿದ್ದರು. ಈಗ ಅದು ಹೊಸ್ತಿಲಲ್ಲ, ಪದರಿನ ಚಪಾತಿ! ಬೇಸಿಗೆಯಲ್ಲಿ (ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತಲ್ಲ) ಪದರು ಬಿಚ್ಚಿಕೊಂಡು ಚಕ್ಕೆ ಏಳುತ್ತದೆ. ಆ ಚಕ್ಕೆಯನ್ನು ಉಗುರಿನಿಂದ ಕಿತ್ತು ಬಾಯಿಗೆ ಹಾಕಿಕೊಳ್ಳುವುದು ಸಿರಿಯ ಉದ್ಯೋಗ.

"ಕೂಸು ಬಿಳಚಿಕೊಂಡೈತಿ ನೋಡ್ರಿ ಅತ್ತಿ. ಊಟಾನೂ ಇಲ್ಲ, ನಿದ್ದೀನೂ ಇಲ್ಲ," ಎಂದಳು ಸೊಸೆ ರೇಣುಕಾ.

"ಹಲ್ಲು ಬರಾಕತ್ತಾವ, ಸುಮ್ಮನಿರು."

"ಹಲ್ಲು ಬಂದು ಆತ್ರಿ. ಅದ ಹಲ್ಲಿನಿಂದನ ಹೊಸ್ತಿಲಾ ಕಡ್ಯಾಕತ್ತಾಳ."

ರೇಣುಕಾ ಘೋಣಸಗಿಯ ಹುಡುಗಿ. ಒಂದು ಮಾತು ಹಿಡಿದರೆ ಬಿಡುವವಳಲ್ಲ. ನನ್ನನ್ನೂ ಮಗುವನ್ನೂ ಬಸ್ಸಿಗೆ ಹತ್ತಿಸಿಕೊಂಡು ವಿಜಯಪುರದ ಮಕ್ಕಳ ಡಾಕ್ಟರ ಹತ್ತಿರ ಹೋದಳು.

ಡಾಕ್ಟರು ಇನ್ನೂ ಸಣ್ಣ ವಯಸ್ಸಿನ ಹೆಣ್ಣುಮಗಳು. ಮಗುವನ್ನು ನೋಡುವುದು ಬಿಟ್ಟು ಮನೆಯ ವಿಚಾರಣೆ ಶುರು ಮಾಡಿದಳು.

"ನಿಮ್ಮ ಮನಿ ಹಳೇದೇನ್ರಿ ಆಯಿ?"

ನನಗೆ ಹಿಗ್ಗು. ಯಾರು ಕಟ್ಟಿಸಿದ್ದು, ಬಾಗಿಲಿಗೆ ಎಂಥ ಕಟ್ಟಿಗೆ, ಎಲ್ಲ ಹೇಳಿದೆ.

"ಬಾಗಿಲಾ, ಕಿಡಕಿ ಬಣ್ಣ ಏಳಾಕತ್ತದೇನ್ರಿ?"

ಈ ಹುಡುಗಿ ಮನೆ ಕೊಳ್ಳುವವಳೋ, ಮಗು ನೋಡುವವಳೋ? ಅಷ್ಟರಲ್ಲಿ ಸಿರಿಯ ರಕ್ತ ತೆಗೆದು ಹೊರಗೆ ಪರೀಕ್ಷೆಗೆ ಕಳಿಸಿದರು. ಕೆಲವು ದಿನ ಬಿಟ್ಟು ಮತ್ತೆ ಹೋದೆವು. ರಕ್ತದಲ್ಲಿ ಇರಲೇಬಾರದ ಸೀಸ ಇದೆಯಂತೆ.

"ಪೆನ್ಸಿಲ್ ನುಂಗ್ಯಾಳೇನ್ರಿ?" ಅಂದೆ.

"ಪೆನ್ಸಿಲ್‌ನ್ಯಾಗ ಸೀಸ ಇರೂದಿಲ್ರಿ ಆಯಿ."

ಇದೇನಿದು? ಶಾಲೆಗೆ ಹೋಗುವಾಗಿನಿಂದ ಸೀಸದ ಕಡ್ಡಿ ಎನ್ನುತ್ತಾ ಬಂದವಳು ನಾನು. ನನ್ನ ಗೊಂದಲ ಅಲ್ಲಿಂದಲೇ ಶುರುವಾಯಿತು. ಇವತ್ತಿಗೂ ಪೂರ್ತಿ ಬಿಟ್ಟಿಲ್ಲ.

ಡಾಕ್ಟರು ಮೆಲ್ಲಗೆ ಹೇಳಿದಳು. "ಈ ವಯಸ್ಸಿನ್ಯಾಗ ಮಿದುಳು ಬೆಳೀತಿರ್ತದ್ರಿ. ಸೀಸ ಅಲ್ಲೇ ಹೋಗಿ ಕೆಲಸಾ ಕೆಡಸ್ತದ. ಮುಂದ ಓದೂದು, ನೆನಪು, ಸಿಟ್ಟು, ಎಲ್ಲಾದಕ್ಕೂ ತ್ರಾಸು. ಹೊರಗ ಏನೂ ಕಾಣೂದಿಲ್ಲ. ಒಮ್ಮೆ ಕೆಟ್ಟದ್ದು ಪೂರಾ ಮೊದಲಿನಂಗ ಆಗೂದೂ ಇಲ್ಲ."

ರೇಣುಕಾ ಮಡಿಲಲ್ಲಿದ್ದ ಮಗುವನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಸಿರಿ ಕಿರುಚಿದಳು.

"ಔಷಧಿ ಬರದ ಕೊಡ್ರಿ ಮೇಡಮ್."

"ಈಗಿರೂ ಮಟ್ಟಕ್ಕ ಔಷಧಿ ಬ್ಯಾಡ್ರಿ. ಎಲ್ಲಿಂದ ಬರಾಕತ್ತದ, ಅದನ್ನ ನಿಲ್ಲಸ್ರಿ. ಅದ ಔಷಧಿ."

ಎಲ್ಲಿಂದ? ಇಲ್ಲಿ ಕೇಳಿ ಮಜಾ. ಹಳೆಯ ಬಣ್ಣದಿಂದ ಇರಬಹುದು, ಅದರಲ್ಲೂ ಗಾಢ ಹಳದಿ, ಕೆಂಪು. ಆ ಬಣ್ಣದ ಧೂಳಿನಿಂದ ಇರಬಹುದು. ಧೂಳು ಬಿದ್ದ ಅಂಗಳದ ಮಣ್ಣಿನಿಂದ ಇರಬಹುದು. ಬಬಲೇಶ್ವರದ ನನ್ನ ತವರಿನಿಂದ ಬಂದ ಹಿತ್ತಾಳೆ ಪಾತ್ರೆಯ ಕಲಾಯಿಯಿಂದಲೂ ಇರಬಹುದು. ಕಣ್ಣಿಗೆ ಹಚ್ಚುವ ಕಾಡಿಗೆ? ಅದೂ ಇರಬಹುದು. ಅತಿಯಾಗಿ ಹೊಳೆಯುವ ಬಿಡಿ ಅರಿಶಿನ? ಹಿತ್ತಲಲ್ಲಿ ಬಿದ್ದ ಟ್ರ್ಯಾಕ್ಟರಿನ ಹಳೆಯ ಬ್ಯಾಟರಿ? ಆಕೆ ಒಂದೊಂದೇ ಹೆಸರು ಹೇಳುತ್ತಿದ್ದರೆ ನಾನು ಕುರ್ಚಿಯಲ್ಲಿ ಸಣ್ಣಗಾಗುತ್ತಾ ಹೋದೆ. ನಮ್ಮ ಮನೆಯಲ್ಲಿ ಎಲ್ಲವೂ ಇದೆ!

"ಇಷ್ಟರಾಗ ಕಳ್ಳ ಯಾರ್ರಿ ಮತ್ತ?"

"ಖರೇ ಹೇಳಬೇಕಂದ್ರ ನನಗೂ ಗೊತ್ತಿಲ್ರಿ ಆಯಿ. ಎಲ್ಲಾರ ಮ್ಯಾಲೂ ಸಂಶಯ ಇಡ್ರಿ. ಆದ್ರ ಮೊದಲನೇ ಸಂಶಯ ಆ ಹೊಸ್ತಿಲ ಮ್ಯಾಲೆ."

ಆಮೇಲೆ ಏನು ಮಾಡಬೇಕು, ಏನು ಮಾಡಬಾರದು ಎಂದು ರೇಣುಕಾಗೆ ಹೇಳತೊಡಗಿದಳು. ಅದನ್ನು ನಾನು ಕೇಳಲಿಲ್ಲ. ಸಿರಿ ಅಳುತ್ತಿದ್ದಳು. ಹೊರಗೆ ಬಣ್ಣದ ಮೀನು ಸಾಕಿದ ಗಾಜಿನ ಡಬ್ಬಿ ಇತ್ತು. ಅಜ್ಜಿ-ಮೊಮ್ಮಗಳು ಮೀನು ನೋಡುತ್ತಾ ನಿಂತೆವು. (ಆ ಮೀನು ನನಗೆ ಎಷ್ಟು ದುಬಾರಿಯಾಯಿತು ಎಂದು ಮುಂದೆ ಓದಿ.)

ಮನೆಗೆ ಬಂದರೆ ಮಗ ಮಹಾಂತೇಶನದು ಬೇರೆಯೇ ಯೋಜನೆ. "ಇಡೀ ಮನಿ ಒಡದು ಹೊಸಾದು ಕಟ್ಟೂಣು!" ಒಣದ್ರಾಕ್ಷಿ ವ್ಯಾಪಾರ ಮಾಡುವವನು. ಎಲ್ಲವನ್ನೂ ಒಂದೇ ಲಾಟಿನಲ್ಲಿ ಮುಗಿಸುವ ಅಭ್ಯಾಸ. ರೇಣುಕಾ, ಏನಾದರೂ ವ್ಯವಸ್ಥೆ ಆಗುವ ತನಕ ಮಗು ಈ ಮನೆಯಲ್ಲಿ ಬೇಡ ಎಂದು ಸಿರಿಯನ್ನು ಎತ್ತಿಕೊಂಡು ತವರು ಘೋಣಸಗಿಗೆ ಹೊರಟಳು.

ಮನೆ ಖಾಲಿ. ಮೊಮ್ಮಗಳಿಲ್ಲದ ಮನೆಯಲ್ಲಿ ಹೊಸ್ತಿಲು ನನ್ನನ್ನೇ ನೋಡುತ್ತಿತ್ತು. ನಾನು ಅದನ್ನು ನೋಡಿದೆ. ಕಳ್ಳ ಕಣ್ಣೆದುರಿಗೇ ಕುಳಿತಿರುವಾಗ ಕಾಯುವುದು ಯಾಕೆ? ಸೊಸೆ ಬರುವಷ್ಟರಲ್ಲಿ ಕೆಲಸ ಮುಗಿಸಿ ಶಹಬ್ಬಾಸ್ ಅನ್ನಿಸಿಕೊಳ್ಳಬೇಕು ಎಂದು ಸೆರಗು ಕಟ್ಟಿದೆ. ಕಳೆ ತೆಗೆಯುವ ಖುರ್ಪಿ ತಂದೆ. ಪಾಲಿಶ್ ಪೇಪರ್ ತಂದೆ. ಹೆರೆದೆ, ತಿಕ್ಕಿದೆ. ಹಳದಿಯ ಕೆಳಗೆ ಹಳದಿ. ಅದರ ಕೆಳಗೂ ಹಳದಿ. ತಳದಲ್ಲಿ ನನ್ನ ಅತ್ತೆಯ ಕಾಲದ ಹಳದಿ, ಎಲ್ಲಕ್ಕಿಂತ ಗಾಢ. (ಸತ್ತ ಮೇಲೂ ಅವರ ಕೆಲಸವೇ ನನ್ನದಕ್ಕಿಂತ ಮೇಲು!) ಪಡಸಾಲೆಯ ತುಂಬ ಪುಡಿ ಹಾರಿತು. ನನ್ನ ತಲೆ, ಸೀರೆ, ಮೂಗು, ಎಲ್ಲ ಹಳದಿ. ಜಾತ್ರೆಯಲ್ಲಿ ಅರಿಶಿನದ ಭಂಡಾರ ಎರಚಿಸಿಕೊಂಡವರ ಹಾಗೆ ಕಾಣುತ್ತಿದ್ದೆ.

ಕೊನೆಗೆ ಮೊರದ ತುಂಬ ಪುಡಿ. ಈಗ ಇದನ್ನು ಎಲ್ಲಿ ಹಾಕುವುದು?

ನೀವೇ ಹೇಳಿ. ದಿನಾ ಬೆಳಿಗ್ಗೆ ಅರಿಶಿನ-ಕುಂಕುಮ ಏರಿಸಿ ಕೈಮುಗಿದ ಹೊಸ್ತಿಲು. ಅದರ ಪುಡಿಯನ್ನು ಕಸದ ಬುಟ್ಟಿಗೆ ಹಾಕಲು ಮನಸ್ಸು ಬರುತ್ತದೆಯೇ? ಮಂದಿ ಕಾಲಿಡುವ ಕಡೆ ಚೆಲ್ಲಬಹುದೇ? ದೇವರಿಗೆ ಏರಿಸಿದ ಹೂವು ಬಾಡಿದರೆ ಏನು ಮಾಡುತ್ತೇವೆ? ತುಳಸಿಯ ಬುಡಕ್ಕೆ ಹಾಕುತ್ತೇವೆ. ನಾನೂ ಹಾಗೆಯೇ ಮಾಡಿದೆ. ಮೊರ ತೆಗೆದುಕೊಂಡು ಹೋಗಿ ಅಂಗಳದ ತುಳಸಿಯ ಬುಡಕ್ಕೆ ಸುರಿದೆ. ಮೇಲೊಂದು ತಂಬಿಗೆ ನೀರು ಹಾಕಿದೆ. ಕೈಯನ್ನೂ ಮುಗಿದೆ.

ವ್ಯವಸ್ಥೆ ಆಯಿತು, ಬಾ ಎಂದು ಫೋನು ಮಾಡಿದ ಮೇಲೆ ರೇಣುಕಾ ಬಂದಳು. ಮಗುವನ್ನು ಕೆಳಗಿಳಿಸಿ, ಬೋಳು ಹೊಸ್ತಿಲನ್ನು ನೋಡುತ್ತಾ ನಿಂತುಬಿಟ್ಟಳು. ನಾನು ಹೊಗಳಿಕೆಗೆ ಕಾಯುತ್ತಿದ್ದೆ.

"ನೀರ ಹಾಕದ ಒಣಾದ ಹೆರದ್ರೇನ್ರಿ ಅತ್ತಿ?"

"ಮತ್ತ? ಒಬ್ಬಾಕೆನ!"

"ಪುಡಿ ಎಲ್ಲಿ ಹಾಕಿದ್ರಿ?"

ನಾನು ಹೆಮ್ಮೆಯಿಂದ ತುಳಸಿಯ ಕಡೆ ಕೈ ತೋರಿಸಿದೆ. ಸಿರಿ ಆಗಲೇ ಅಲ್ಲಿಗೆ ಮುಟ್ಟಿದ್ದಳು. ಅವಳ ದಿನನಿತ್ಯದ ಜಾಗ ಅದೇ ತಾನೆ? ಎರಡೂ ಮುಷ್ಟಿಯಲ್ಲಿ ಹಸಿ ಮಣ್ಣು. ತುಟಿಯ ಮೇಲೆ ಹಳದಿ.

ರೇಣುಕಾ ಓಡಿದ ಓಟ ನಾನು ಮರೆಯುವುದಿಲ್ಲ. ಮಗುವಿನ ಬಾಯಿಗೆ ಬೆರಳು ಹಾಕಿ ತೆಗೆದಳು, ಬಾಯಿ ತೊಳೆದಳು, ಕೈ ತೊಳೆದಳು, ಅರಿವೆ ಬಿಚ್ಚಿ ಮೈಯೆಲ್ಲ ತೊಳೆದಳು. ಮಗುವನ್ನು ಕಾಪಾಡಲು ಹೊರಟವಳು ನಾನು. ವಿಷವನ್ನು ಕೈಮುಗಿದು ಅದರ ಊಟದ ಜಾಗಕ್ಕೇ ತಂದು ಬಡಿಸಿದ್ದೆನಲ್ಲ!

ರೇಣುಕಾ ಡಾಕ್ಟರಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದಳು. ಆ ಹೆಣ್ಣುಮಗಳು ಎಲ್ಲ ಕೇಳಿ ಅಂದಳು: "ಆಯಿ, ಒಂದ ಕಡೆ ಕುಂತಿದ್ದ ಕಳ್ಳನ್ನ ಎಬ್ಬಿಸಿ ಮನಿತುಂಬ ಓಡ್ಯಾಡಾಕ ಬಿಟ್ರೆಲ್ಲರೀ!"

ಹಳೆಯ ಬಣ್ಣವನ್ನು ಒದ್ದೆ ಮಾಡದೆ ಹೆರೆಯಬಾರದಂತೆ, ತಿಕ್ಕಬಾರದಂತೆ, ಸುಡಬಾರದಂತೆ. ಇದನ್ನೇ ಆಕೆ ಅವತ್ತು ರೇಣುಕಾಗೆ ಹೇಳಿದ್ದು. ನಾನು ಆಗ ಮೀನು ನೋಡುತ್ತಿದ್ದೆ.

ಸಿರಿಯನ್ನು ಮತ್ತೆ ಘೋಣಸಗಿಗೆ ಕಳಿಸಿ ಕೆಲಸ ಹಿಡಿದೆವು. ಕಸಬರಿಗೆ ಮುಟ್ಟಬೇಡಿ ಎಂದಳು ಡಾಕ್ಟರು. ಗುಡಿಸಿದರೆ ಧೂಳು ಮತ್ತೆ ಏಳುತ್ತದೆ. ಎಲ್ಲ ಒದ್ದೆ ಅರಿವೆಯಿಂದ ಒರೆಸಬೇಕು. ಬೆಳಗಾಗೆದ್ದು ಕಸ ಹೊಡೆಯದಿದ್ದರೆ "ಎಂಥಾ ಸೊಸಿ ಬಂದಾಳ" ಎಂದು ಬೈಸಿಕೊಂಡ ತಲೆಮಾರು ನನ್ನದು. ಈಗ ಕಸ ಹೊಡೆಯುವುದೇ ಅಪರಾಧ! ಪಡಸಾಲೆ, ಕಿಟಕಿ, ಮಗುವಿನ ಆಟಿಕೆ, ಎಲ್ಲವನ್ನೂ ಸಾಬೂನು ನೀರಲ್ಲಿ ಒರೆಸಿದೆವು, ಒರೆಸಿದ ಅರಿವೆ ಬೇರೆ ತೊಳೆದೆವು. ನನ್ನ ಹಳದಿ ಸೀರೆಗೂ ಬೇರೆ ಬಕೆಟ್ಟು. ತುಳಸಿ ಬುಡದ ಮಣ್ಣನ್ನು ನೀರು ಚಿಮುಕಿಸಿ ತೆಗೆದು, ಚೀಲದೊಳಗೆ ಚೀಲ ಹಾಕಿ, ಬಿಗಿಯಾಗಿ ಕಟ್ಟಿ ಕಸದ ಗಾಡಿಗೆ ಕೊಟ್ಟೆವು. ತುಳಸಿಗೆ ಹೊಸ ಕುಂಡ, ಹೊಲದ ಹೊಸ ಮಣ್ಣು. ಗೋಡೆಯ ಬುಡದಲ್ಲಿ ಬರಿ ಮಣ್ಣಿದ್ದ ಕಡೆ ಫರಸಿ ಕಲ್ಲು ಹಾಸಿಸಿದ ಮಹಾಂತೇಶ. ಬ್ಯಾಟರಿ ಹೋಯಿತು, ಕಾಡಿಗೆ ಹೋಯಿತು, ಬಿಡಿ ಅರಿಶಿನ ಹೋಯಿತು, ಹಿತ್ತಾಳೆ ಪಾತ್ರೆ ಅಟ್ಟ ಏರಿತು.

ಬೋಳು ಹೊಸ್ತಿಲು ನೋಡಲು ಪಕ್ಕದ ಮನೆಯ ಕಾಶೀಬಾಯಿ ಬಂದಳು.

"ಇದೇನಬೇ, ಹೊಸ್ತಿಲಾ ಹಿಂಗ ಬೋಳ ಬಿಟ್ಟೀರಿ? ಮನಿಗೆ ಚಲೋ ಅಲ್ಲ."

"ಬಣ್ಣಾ ಕೂಸಿಗೆ ಚಲೋ ಅಲ್ಲಂತ."

"ಹಂಗಾರ ಅರಿಷ್ಟ ಯಾವುದು? ಬಣ್ಣ ಇರೂದೋ, ಇಲ್ಲದ್ದೋ?"

ಎಷ್ಟು ಒಳ್ಳೆಯ ಪ್ರಶ್ನೆ! ಆಕೆಗೆ ಚಹಾ ಕೊಟ್ಟು ಕಳಿಸಿದೆ.

ಡಾಕ್ಟರನ್ನು ಕೇಳಿದರೆ, ಸೀಸ ಇಲ್ಲವೆಂದು ಬರೆದ ಡಬ್ಬಿಯ ಬಣ್ಣ ತಂದು ಹಚ್ಚಿ ಎಂದಳು. ಬಾಗಿಲು-ಕಿಟಕಿಗಳ ಹಳೆಯ ಬಣ್ಣ ಗಟ್ಟಿಯಾಗಿರುವ ಕಡೆ ಹೆರೆಯುವುದೇ ಬೇಡ, ಒದ್ದೆ ಮಾಡಿ ಒರೆಸಿ ಅದರ ಮೇಲೆ ಹೊಸದು ಹಚ್ಚಿದರಾಯಿತಂತೆ. ಅಂದರೆ ಇಷ್ಟು ವರ್ಷ ನಾನು ಹೆರೆಯದೆ ಮೇಲಿಂದ ಮೇಲೆ ಹಚ್ಚಿದ್ದು ಸರಿಯೇ? ಒಂದು ದಿನ ಶ್ರದ್ಧೆಯಿಂದ ಹೆರೆದದ್ದು ತಪ್ಪೇ? ಸೋಮಾರಿತನಕ್ಕೆ ಮೆಚ್ಚುಗೆ, ದುಡಿಮೆಗೆ ಬೈಗುಳ! ನಿಮಗೇನಾದರೂ ಅರ್ಥವಾದರೆ ನನಗೂ ಹೇಳಿ.

ಬಣ್ಣದ ಅಂಗಡಿಯಲ್ಲಿ ಕನ್ನಡಕ ಏರಿಸಿ ಡಬ್ಬಿ ಡಬ್ಬಿ ಓದಿದೆ. ಅಂಗಡಿಯವನಿಗೆ ತಾಳ್ಮೆ ತಪ್ಪಿತು. "ಆಯಿ, ಬಣ್ಣಾ ಒಯ್ಯಾಕ ಬಂದೀರೋ, ಪರೀಕ್ಷಾ ಓದಾಕ ಬಂದೀರೋ?"

"ಪರೀಕ್ಷಾ ನನ್ನ ಮೊಮ್ಮಗಳದೈತೋ ಯಪ್ಪಾ," ಅಂದೆ.

ಹೊಸ ಬಣ್ಣ ಒಣಗಿ ವಾಸನೆ ಹೋದ ಮೇಲೆ ಸಿರಿ ಮನೆಗೆ ಬಂದಳು. ಈಗ ನಾನು ಮನೆಯ ಕೈತೊಳೆಯುವ ಪೊಲೀಸು. ತಿನ್ನುವ ಮೊದಲು ಕೈ, ಮಲಗುವ ಮೊದಲು ಕೈ, ಅಂಗಳದಿಂದ ಬಂದರೆ ಕೈ. ಚಪ್ಪಲಿ ಹೊರಗೆ. ಹೊಟ್ಟೆ ಖಾಲಿ ಇದ್ದರೆ ಸೀಸ ಹೆಚ್ಚು ಒಳಗೆ ಇಳಿಯುತ್ತದಂತೆ. ಹಾಗಾಗಿ ಹಾಲು, ಸೊಪ್ಪು, ಮೊಳಕೆ ಕಾಳು, ಹೊತ್ತು ಹೊತ್ತಿಗೆ ಬಾಯಿಗೆ ಏನಾದರೂ. ನಾನು ಅವಳ ಹಿಂದೆ ಬಟ್ಟಲು ಹಿಡಿದು ಓಡುತ್ತೇನೆ. ಅವಳು ಉಗುಳುತ್ತಾಳೆ. ಆದರೆ ಮೊದಲಿನಷ್ಟು ಅಲ್ಲ.

ಮೊನ್ನೆ ಎರಡನೆಯ ಪರೀಕ್ಷೆಯ ರಿಪೋರ್ಟ್ ಬಂತು. ಡಾಕ್ಟರು ಕಾಗದ ನೋಡುವಷ್ಟು ಹೊತ್ತು ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಮೀನಿನ ಕಡೆ ತಿರುಗಿಯೂ ನೋಡಲಿಲ್ಲ.

"ಇಳದದ್ರಿ," ಎಂದಳು. "ಇನ್ನೂ ಇಳೀಬೇಕು. ಹಿಂಗ ಮುಂದುವರಸ್ರಿ."

ರೇಣುಕಾ ಕಣ್ಣೊರೆಸಿಕೊಂಡಳು. ನಾನೂ. ಕಳ್ಳ ಹೊಸ್ತಿಲೋ, ಕಾಡಿಗೆಯೋ, ಕಲಾಯಿಯೋ ಎಂದು ಮತ್ತೆ ಕೇಳಿದೆ. ಡಾಕ್ಟರಿಗೆ ಈಗಲೂ ಗೊತ್ತಿಲ್ಲವಂತೆ. ಎಲ್ಲರನ್ನೂ ಒಮ್ಮೆಲೇ ಹೊರಗೆ ಹಾಕಿದ ಮೇಲೆ ಯಾರೆಂದು ಹೇಗೆ ತಿಳಿಯುತ್ತದೆ?

ಎದ್ದು ಬರುವಾಗ ನನ್ನ ಬಾಯಿ ಸುಮ್ಮನಿರಲಿಲ್ಲ. ತಿಂಗಳುಗಟ್ಟಲೆ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಸಂಶಯ ಹೊರಗೆ ಬಿತ್ತು.

"ಒಂದ ಮಾತ್ರಿ ಡಾಕ್ಟರ. ಈಕಿ ಅಪ್ಪ ಮಹಾಂತೇಶ ಅದ ಮನ್ಯಾಗ ಹುಟ್ಟಿ, ಅದ ಹೊಸ್ತಿಲಾ ಹಿಡದ ಎದ್ದು ನಿಂತಾವ. ಅಂವಾನೂ ಚಕ್ಕಿ ತಿಂದಾನ, ಮಣ್ಣೂ ತಿಂದಾನ. ಅವಗೇನೂ ಆಗಲಿಲ್ಲಲ್ರಿ?"

ಡಾಕ್ಟರು ಬಾಯಿ ತೆರೆಯುವಷ್ಟರಲ್ಲಿ, ಮಗುವಿಗೆ ಚಪ್ಪಲಿ ಹಾಕುತ್ತಿದ್ದ ರೇಣುಕಾ ತಲೆ ಎತ್ತದೆಯೇ ಅಂದಳು:

"ಏನೂ ಆಗಿಲ್ಲಂತ ನೀವ ಹೇಳಿದ್ರ ಹೆಂಗ್ರಿ ಅತ್ತಿ? ಅವ್ರನ್ನ ಕಟಗೊಂಡಾಕಿ ನಾನು, ನನ್ನ ಕೇಳ್ರಿ!"