ಪೂಜೆಗೆ ಕೂತ ಪ್ಲಗ್ಗು

ಮತ್ತಿಕೆರೆಯ ಜಯಸಿಂಹನವರಿಗೆ ಎರಡು ವಿಷಯದಲ್ಲಿ ಎದುರು ಮಾತಾಡುವವರು ಆ ಬೀದಿಯಲ್ಲೇ ಇರಲಿಲ್ಲ. ಒಂದು ಕಡತ, ಇನ್ನೊಂದು ಪೂಜೆ. ಮೂವತ್ತೈದು ವರ್ಷ ಸರ್ಕಾರಿ ಕಚೇರಿಯಲ್ಲಿ ಕುರ್ಚಿ ಸವೆಸಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಅವರ ಮೇಜಿನಿಂದ ಒಂದು ಕಾಗದವೂ ಕಳೆದುಹೋದದ್ದಿಲ್ಲ. ಒಂದು ಕಾಗದವೂ ಬೇಗ ಮುಂದಕ್ಕೆ ಹೋದದ್ದಿಲ್ಲ ಅನ್ನುವವರೂ ಇದ್ದಾರೆ, ಆ ಮಾತು ಈಗ ಬೇಡ.

ಪೂಜೆಯ ವಿಷಯಕ್ಕೆ ಬಂದರೆ ಇನ್ನೂ ಬಿಗಿ. ಅದರಲ್ಲೂ ಆಯುಧಪೂಜೆ. ಮನೆಯ ಕಬ್ಬಿಣದ ಸಾಮಾನೆಲ್ಲ ತೊಳೆದು, ದೇವರ ಕೋಣೆಯ ಮಣೆ ಮೇಲೆ ಜೋಡಿಸಿ, ಕುಂಕುಮ ಹಚ್ಚಿ ಹೂ ಏರಿಸಿದರೆ ಮುಗಿಯಿತು. ಮರುದಿನ ವಿಜಯದಶಮಿಗೆ ಕದಲಿಸುವ ತನಕ ಅವನ್ನು ಯಾರೂ ಮುಟ್ಟುವ ಹಾಗಿಲ್ಲ. ಹದಿನೆಂಟು ವರ್ಷದ ಹಿಂದೆ ಒಂದು ಆಯುಧಪೂಜೆಯ ದಿನ ಅವರ ಹೆಂಡತಿ ಸೀತಮ್ಮನ ತಂಗಿ ಪ್ರಿಯಂವದಾ ಸಂಸಾರ ಸಮೇತ ಯಲಹಂಕದಿಂದ ಹೇಳದೆ ಕೇಳದೆ ಬಂದಿಳಿದಳು. ಮನೆಯಲ್ಲಿದ್ದದ್ದು ಒಂದೇ ಒಂದು ಸಿಹಿಗುಂಬಳಕಾಯಿ. ಈಳಿಗೆಮಣೆ, ಚಾಕು ಎರಡೂ ಪೂಜೆಯಲ್ಲಿ. ಸೀತಮ್ಮ ಬೇಡಿಕೊಂಡರು, ಐದು ನಿಮಿಷ ಸಾಕು ಅಂದರು. ಜಯಸಿಂಹ ಒಪ್ಪಲಿಲ್ಲ. ಸೀತಮ್ಮ ಹಲ್ಲು ಕಚ್ಚಿಕೊಂಡು ಆ ಕಾಯನ್ನು ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎತ್ತಿ ಕುಕ್ಕಿ ಒಡೆದರು. ಅವತ್ತಿನ ಹುಳಿಯಲ್ಲಿ ಹೋಳುಗಳು ಮುಷ್ಟಿ ಗಾತ್ರ ಇದ್ದವು. "ಆಯುಧಪೂಜೆ ದಿನ ಕುಂಬಳಕಾಯಿ ಒಡೆಯೋದು ಶುಭ ಕಣೇ" ಎಂದು ಜಯಸಿಂಹ ಎಲ್ಲರ ಮುಂದೆ ನಗೆಚಾಟಿಕೆ ಬೇರೆ ಮಾಡಿದರು. ಎಲ್ಲರೂ ನಕ್ಕರು. ಸೀತಮ್ಮ ನಗಲಿಲ್ಲ.

ಇಂಥ ಮನುಷ್ಯ ನಿವೃತ್ತಿಯ ಮರುದಿನ ಮಾಡಿದ ಕೆಲಸ ಕಂಡು ಬೀದಿಯೇ ಬೆರಗಾಯಿತು. ಮೆಟ್ಟಿಲ ಕೆಳಗೆ ಮೂವತ್ತು ಚಿಲ್ಲರೆ ವರ್ಷದಿಂದ ಟಾರ್ಪಾಲು ಹೊದ್ದು ಮಲಗಿದ್ದ ಎಪ್ಪತ್ತೆರಡನೇ ಇಸವಿಯ ಜಾವಾ ಮೋಟಾರ್ ಸೈಕಲ್ಲನ್ನು ಹೊರಗೆಳೆದು, ಕಾರ್ ನಿಲ್ಲಿಸುವ ಜಾಗದಲ್ಲಿ ಬಿಚ್ಚಿ ಹರವಿಕೊಂಡು ಕೂತರು. ಜಾವಾದ ಚಮತ್ಕಾರ ಏನೆಂದರೆ, ಗೇರ್ ಹಾಕುವ ಕಡ್ಡಿಯನ್ನೇ ಒಳಗೊತ್ತಿ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಒಬ್ಬನೇ ಗುಮಾಸ್ತ ಎರಡು ಮೇಜಿನ ಕೆಲಸ ನೋಡಿಕೊಳ್ಳುವ ಈ ಏರ್ಪಾಡು ಅವರಿಗೆ ತುಂಬ ಹಿಡಿಸಿತ್ತು.

ಆ ಗಾಡಿಗೂ ಸೀತಮ್ಮನಿಗೂ ಒಂದು ಹಳೇ ಲೆಕ್ಕ ಇತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಹೆಸರಘಟ್ಟದ ಕೆರೆ ತೋರಿಸುತ್ತೇನೆಂದು ಜಯಸಿಂಹ ಅದರ ಮೇಲೆ ಕೂರಿಸಿಕೊಂಡು ಹೊರಟಿದ್ದರು. ಸೋಲದೇವನಹಳ್ಳಿ ಹತ್ತಿರ ಗಾಡಿ ಕೆಮ್ಮಿ ನಿಂತಿತು. ಮದುವೆಯಲ್ಲಿ ತವರಿನವರು ಕೊಟ್ಟ ಗಿಣಿಹಸಿರು ರೇಷ್ಮೆ ಸೀರೆ ಉಟ್ಟುಕೊಂಡೇ ಸೀತಮ್ಮ ಒಂದು ಮೈಲಿ ತಳ್ಳಿದರು. ಸೆರಗಿಗೆಲ್ಲ ಗ್ರೀಸು. ಆಮೇಲೆ ಹಿಂದಿನಿಂದ ಒಂದು ಬಸ್ಸು ಬಂತು. ಆಕೆ ಕೈ ಅಡ್ಡ ಹಾಕಿ ಬಸ್ಸು ಹತ್ತಿ ಮನೆಗೆ ಹೊರಟೇಹೋದರು, ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಅಂದಿನಿಂದ ಆ ಗಾಡಿಯನ್ನು ಅವರು ಹತ್ತಿಲ್ಲ. ಜಯಸಿಂಹ ಯಾರಿಗೂ ಹೇಳದ ಗುಟ್ಟು ಇಷ್ಟೇ: ಸಾಯುವ ಮೊದಲು ಸೀತಾಳನ್ನು ಇನ್ನೊಮ್ಮೆ ಅದೇ ಗಾಡಿಯ ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹೋಗಿಬರಬೇಕು.

ಆದರೆ ಕಡತದ ಮನುಷ್ಯ ಮೆಕ್ಯಾನಿಕ್ ಆದರೂ ಕಡತ ಬಿಟ್ಟಾನೆಯೇ? ಬಿಚ್ಚಿದ ಪ್ರತಿಯೊಂದು ನಟ್ಟು, ವಾಷರು, ಸ್ಪ್ರಿಂಗಿಗೂ ದಾರ ಕಟ್ಟಿ ಚೀಟಿ ಬರೆದರು. ಎಂಜಿನ್ ಹದಿನಾಲ್ಕು, ಬ್ರೇಕ್ ಒಂಬತ್ತು, ಹೀಗೆ. ಸಾಮಾನು ಕಾರ್ ಶೆಡ್ಡಿನಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ ಹಬ್ಬಿತು. ಪಿಸ್ಟನ್ ಇಡ್ಲಿ ಪಾತ್ರೆಯಲ್ಲಿ, ಕಾರ್ಬ್ಯುರೇಟರ್ ಉಪ್ಪಿನಕಾಯಿ ಜಾಡಿಯಲ್ಲಿ. ಸೀತಮ್ಮ ಕೂಗಾಡಿದಾಗ ಜಯಸಿಂಹ ಗೋಡೆಗೆ ಒಂದು ಸುತ್ತೋಲೆಯನ್ನೇ ಅಂಟಿಸಿದರು. "ಚೀಟಿ ಇರುವ ಸಾಮಾನು ಗಾಡಿಯದು, ಯಾರೂ ಮುಟ್ಟತಕ್ಕದ್ದಲ್ಲ. ಚೀಟಿ ಇಲ್ಲದ್ದು ಮನೆಯದು."

ವಾರಕ್ಕೊಮ್ಮೆ ಆರ್.ಟಿ. ನಗರದಿಂದ ಮನ್ಸೂರ್ ಬರುತ್ತಿದ್ದ. ಜಾವಾ ರಿಪೇರಿಯಲ್ಲೇ ತಲೆ ಹಣ್ಣಾದವನು. ಬಣ್ಣದ ಮಾತು ಬಂದಾಗ ಅವನು ಬೆಚ್ಚಿಬಿದ್ದ.

"ಸರ್, ಜಾವಾ ಅಂದ್ರೆ ಮರೂನ್. ಟ್ಯಾಂಕಿಗೆ ಗಿಣಿಹಸಿರು ಯಾರಾದ್ರೂ ಹೊಡಿಸ್ತಾರಾ?"

"ನಾನು ಹೊಡಿಸ್ತೀನಿ" ಎಂದರು ಜಯಸಿಂಹ. "ಅಂಚಿಗೆ ಬೇಕಾದ್ರೆ ಒಂದು ಮರೂನ್ ಪಟ್ಟಿ ಎಳಿ."

ಬಣ್ಣ ಬಂದ ದಿನ ಸೀತಮ್ಮ ಟ್ಯಾಂಕಿನ ಮುಂದೆ ಒಂದು ಕ್ಷಣ ನಿಂತು ನೋಡಿ ಒಳಗೆ ಹೋದರು. ಹಿಂದಿನ ಸೀಟು ಅಗಲ ಮಾಡಿಸಿ ಬೆನ್ನಿಗೆ ಆಸರೆ ಹಾಕಿಸಿದಾಗಲೂ, ಚಕ್ರಕ್ಕೆ ಸೀರೆ ಸಿಗದ ಹಾಗೆ ಜಾಲರಿ ಕೂರಿಸಿದಾಗಲೂ ಅಷ್ಟೇ. ಬೀದಿಯವರು ಮಾತ್ರ ಗಾಡಿಗೆ ಗಿಳಿ ಎಂದು ಹೆಸರಿಟ್ಟು ಖುಷಿಪಟ್ಟರು.

ಹೀಗೆ ಎರಡು ವರ್ಷ ಕಳೆಯಿತು. ಈ ಯುಗಾದಿಯ ದಿನ ಸೀತಮ್ಮ ರಂಗೋಲಿ ಹಾಕಲು ಹೋಗಿ ಸೈಲೆನ್ಸರ್ ಎಡವಿ ಬಿದ್ದರು. ಮೊಣಕಾಲು ಊದಿತು, ತಾಳ್ಮೆ ಮುಗಿಯಿತು.

"ಕೇಳಿಸ್ಕೊಳ್ರಿ. ಆಯುಧಪೂಜೆ ದಿನ ಇದು ನಮ್ಮ ಗಣೇಶನ ಗುಡಿ ತನಕ ಓಡಿ, ಓಡ್ಕೊಂಡೇ ವಾಪಸ್ ಬಂದು ಮನೆ ಮುಂದೆ ನಿಲ್ಬೇಕು. ಇಲ್ಲಾಂದ್ರೆ ಮರುದಿನ ಗುಜರಿಯವನಿಗೆ. ನಾನು ಅವನಿಗೆ ಹೇಳಿಟ್ಟಿರ್ತೀನಿ."

"ಓಡಿದ್ರೆ?"

"ಓಡಿದ್ರೆ ನಾನೂ ಕೂತ್ಕೋತೀನಿ" ಅಂದುಬಿಟ್ಟರು ಸೀತಮ್ಮ, ಓಡುವುದಿಲ್ಲ ಅನ್ನುವ ಪೂರ್ತಿ ಧೈರ್ಯದಲ್ಲಿ.

ಜಯಸಿಂಹನವರಿಗೆ ರೆಕ್ಕೆ ಬಂತು. ಆರು ತಿಂಗಳು ಊಟ ನಿದ್ದೆ ಮರೆತು ದುಡಿದರು. ಹಬ್ಬಕ್ಕೆ ಎರಡು ವಾರ ಇರುವಾಗ ಗಾಡಿ ಶೆಡ್ಡಿನಲ್ಲೇ ಡುಗು ಡುಗು ಎಂದು ಉಸಿರಾಡಿತು. ಹಬ್ಬದ ಹಿಂದಿನ ಸಂಜೆ ಕೊನೆಯದಾಗಿ ಒಮ್ಮೆ ಇರಲಿ ಎಂದು ಎಂಜಿನ್ನಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಪೆಟ್ರೋಲಿನಲ್ಲಿ ಉಜ್ಜಿ, ಆರಲೆಂದು ಕಿಟಕಿಯ ಕಟ್ಟೆಯ ಮೇಲಿಟ್ಟರು. ಅಷ್ಟರಲ್ಲಿ ಚೆಂಡುಹೂವಿನ ವ್ಯಾಪಾರಿ ಕೂಗಿದ. ಹೂ, ಬಾಳೆಕಂದು, ಬೂದುಗುಂಬಳ ಅಂತ ಓಡಾಡುವುದರಲ್ಲಿ ಪ್ಲಗ್ಗು ಮರೆತೇಹೋಯಿತು.

ಮರುದಿನ ಬೆಳಿಗ್ಗೆ ಮಡಿಯುಟ್ಟು ಪೂಜೆ ಮಾಡಿ, ಸ್ಪ್ಯಾನರುಗಳಿಗೆಲ್ಲ ಮಂಗಳಾರತಿ ಎತ್ತಿ, ಗಾಡಿಯನ್ನು ಗೇಟಿನ ಹೊರಗೆ ತಂದು ನಿಲ್ಲಿಸಿದರು. ಸೀತಮ್ಮ ಕುಂಕುಮ ಹಚ್ಚಿ ಜೋಡಿಸಿಟ್ಟಿದ್ದ ಮಣೆಯ ಮೇಲೆ ಹೂವಿನ ರಾಶಿ, ಯಾವ ಸಾಮಾನಿನ ಗುರುತೂ ಸಿಗುವಂತಿರಲಿಲ್ಲ. ಬೀದಿಯವರು ಸೇರಿದರು. ಮನ್ಸೂರ್ ಬಿಳಿ ಶರ್ಟು ಹಾಕಿಕೊಂಡು ಬಂದ. ಸೀತಮ್ಮ ಬಾಗಿಲಲ್ಲಿ ಕೈ ಕಟ್ಟಿ ನಿಂತರು. ಜಯಸಿಂಹ ಪಂಚೆ ಎತ್ತಿ ಕಟ್ಟಿ ಕಿಕ್ ಒದ್ದರು. ಪುಸ್ ಎಂದಿತು. ಮತ್ತೆ ಒದ್ದರು. ಪುಸ್. ಕಾಲಿಗೆ ಭಾರವೇ ಇಲ್ಲ, ಎಷ್ಟು ಹಗುರ! ಎಂಜಿನ್ ಪಳಗಿತು ಅಂದುಕೊಂಡು ಅವರು ಇನ್ನೂ ಹತ್ತು ಸಲ ಒದ್ದರು.

ಮನ್ಸೂರ್ ಬಗ್ಗಿ ನೋಡಿದ. "ಸರ್, ಪ್ಲಗ್ ಎಲ್ಲಿ?"

ಜಯಸಿಂಹನವರಿಗೆ ಆಗ ನೆನಪಾಯಿತು. ಕಿಟಕಿಗೆ ಓಡಿದರು. ಕಟ್ಟೆ ಖಾಲಿ. ಅಲ್ಲಿಂದ ದೇವರ ಕೋಣೆಗೆ ಓಡಿ ಹೂ ಸರಿಸಿದರೆ, ಸುತ್ತಿಗೆಗೂ ಈಳಿಗೆಮಣೆಗೂ ನಡುವೆ, ನೆತ್ತಿಗೆ ಕುಂಕುಮ ಇಟ್ಟುಕೊಂಡು, ಪ್ಲಗ್ಗು ದೇವರಂತೆ ಕೂತಿತ್ತು.

"ಸೀತಾ! ಇದನ್ನ ಯಾಕೆ ಇಲ್ಲಿಟ್ಟೆ?"

"ಚೀಟಿ ಇತ್ತಾ ಅದಕ್ಕೆ?" ಸೀತಮ್ಮ ಹಿಂದೆಯೇ ಬಂದು ನಿಂತಿದ್ದರು.

ಜಯಸಿಂಹ ಬಗ್ಗಿ ಪ್ಲಗ್ಗಿಗೆ ದಾರ ಇದೆಯೇ ಎಂದು ನೋಡಿದರು.

"ಚೀಟಿ ಇಲ್ಲದ್ದು ಮನೇದು. ಮನೇ ಕಬ್ಬಿಣ ಎಲ್ಲಾ ಪೂಜೆಗೆ. ಪೂಜೆಗಿಟ್ಟಿದ್ದು ನಾಳೆವರೆಗೂ ಕದಲಿಸೋ ಹಾಗಿಲ್ಲ. ಇದ್ರಲ್ಲಿ ನನ್ನ ರೂಲ್ ಯಾವುದಾದ್ರೂ ಇದ್ರೆ ಹೇಳಿ."

ಒಂದೂ ಇರಲಿಲ್ಲ. ಮೂರೂ ಅವರವೇ.

ಜಯಸಿಂಹ ಹೊರಗೆ ಬಂದು ಮನ್ಸೂರನ ಕೈ ಹಿಡಿದರು. "ನಿಮ್ಮ ಅಂಗಡೀಲಿ ಇನ್ನೊಂದು ಇರತ್ತಲ್ಲಪ್ಪಾ?"

ಮನ್ಸೂರ್ ತಲೆ ಕೆರೆದುಕೊಂಡ. "ಇದೆ ಸರ್. ಆದ್ರೆ ನಮ್ಮ ಶಾಪಲ್ಲೂ ಬೆಳಿಗ್ಗೆನೇ ಪೂಜೆ ಆಯ್ತು. ಬೂದುಗುಂಬಳ ನಾನೇ ಒಡೆದೆ. ಪ್ಲಗ್ಗು, ಪಾನಾ ಎಲ್ಲಾ ಪೂಜೆಗಿಟ್ಟು ಶಟರ್ ಎಳ್ದು ಬಂದೆ. ಇವತ್ತು ತೆಗೆದ್ರೆ ಹುಡುಗ್ರು ನನ್ನ ಬಿಡ್ತಾರಾ?"

"ಬೇರೆ ಯಾರದಾದ್ರೂ ಗಾಡಿದು?"

"ಅದರ ಸೈಜೇ ಬೇರೆ ಸರ್."

ಜಯಸಿಂಹ ದೇವರ ಕೋಣೆಗೆ ವಾಪಸ್ ಬಂದು ಮಣೆಯ ಮುಂದೆ ತಲೆ ಮೇಲೆ ಕೈ ಹೊತ್ತು ಕೂತರು. ಕೈ ಚಾಚಿದರೆ ಪ್ಲಗ್ಗು. ಹೊರಗೆ ಬೀದಿಯೇ ಕಾಯುತ್ತಿದೆ. ನಾಳೆ ಗುಜರಿಯವನು ಬರುತ್ತಾನೆ. ದೇವರು ಏನೂ ಅಂದುಕೊಳ್ಳುವುದಿಲ್ಲ, ಒಂದು ಕ್ಷಮಾಪಣೆ ಮಂತ್ರ ಹೇಳಿ ತೆಗೆದುಬಿಡಲೇ ಎಂದು ಮನಸ್ಸು ಹೇಳಿತು. ಆಗ ಪ್ಲಗ್ಗಿನ ಪಕ್ಕದಲ್ಲಿದ್ದ ಈಳಿಗೆಮಣೆ ಕಣ್ಣಿಗೆ ಬಿತ್ತು. ಒಗೆಯುವ ಕಲ್ಲಿನ ಮೇಲೆ ಕುಂಬಳಕಾಯಿ ಎತ್ತಿ ಕುಕ್ಕಿದ ಸದ್ದು ಹದಿನೆಂಟು ವರ್ಷದ ಮೇಲೆ ಮೊದಲ ಸಲ ಅವರ ಕಿವಿಗೆ ನೆಟ್ಟಗೆ ಕೇಳಿಸಿತು. ಅವತ್ತು ಎಲ್ಲರೆದುರು ತಾನು ನಕ್ಕದ್ದೂ ನೆನಪಾಯಿತು. ಜಯಸಿಂಹನವರಿಗೆ ನಿಜವಾಗಿ ನಾಚಿಕೆಯಾಯಿತು. ಆಕೆಗೆ ಐದು ನಿಮಿಷಕ್ಕೆ ಸಡಿಲಿಸದ ನಿಯಮವನ್ನು ಈಗ ತನ್ನ ಗಾಡಿಗೆ ಸಡಿಲಿಸಿಕೊಂಡರೆ ತಾನು ಎಂಥ ಮನುಷ್ಯ?

ಅವರು ಕೈ ಮುಗಿದು, ಪ್ಲಗ್ಗನ್ನು ಮುಟ್ಟದೆ, ಈಳಿಗೆಮಣೆಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು.

"ತಗೋ."

ಸೀತಮ್ಮ ಒಮ್ಮೆ ಈಳಿಗೆಮಣೆ, ಒಮ್ಮೆ ಗಂಡನ ಮುಖ ನೋಡಿದರು. "ಏನ್ರೀ ಇದು? ಪೂಜೆಗಿಟ್ಟಿದ್ದು!"

"ಅವತ್ತೇ ಕೊಡ್ಬೇಕಿತ್ತು. ತಪ್ಪಾಯ್ತು ಸೀತಾ."

ಮೂವತ್ತೈದು ವರ್ಷದ ನೌಕರಿಯಲ್ಲಿ ಒಂದೇ ಒಂದು ಕಾಗದದ ಮೇಲೂ ಬರೆಯದ ಮಾತು ಅದು. ಸೀತಮ್ಮ ಸೆರಗಿಗೆ ಕೈ ಒರೆಸಿಕೊಂಡು ಈಳಿಗೆಮಣೆ ತೆಗೆದುಕೊಂಡರು.

"ತಂಗಿ ಊಟಕ್ಕೆ ಬರ್ತಾಳೆ ಅಂತ ತರಕಾರಿ ಎಲ್ಲ ನಿನ್ನೆನೇ ಹೆಚ್ಚಿಟ್ಟಿದೀನಿ. ಆವತ್ತಿನಿಂದ ಪ್ರತಿ ವರ್ಷ ಹಿಂದಿನ ದಿನವೇ ಹೆಚ್ಚಿಡೋದು. ನಿಮಗೆ ಗೊತ್ತೇ ಇಲ್ಲ."

"ಏನಾದ್ರೂ ಹೆಚ್ಚು. ಏನೂ ಇಲ್ವಾ?"

ಸೀತಮ್ಮ ಅತ್ತ ಇತ್ತ ನೋಡಿ ಬುಟ್ಟಿಯಿಂದ ಒಂದು ನಿಂಬೆಹಣ್ಣು ತೆಗೆದುಕೊಂಡು, ಈಳಿಗೆಮಣೆಯ ಮೇಲೆ ಸಾವಕಾಶವಾಗಿ ಕೂತು, ಅದನ್ನು ಎರಡು ಹೋಳು ಮಾಡಿ ಕುಂಕುಮ ಹಚ್ಚಿದರು. ಎದ್ದು ದೇವರ ಕೋಣೆಗೆ ಹೋಗಿ ಪ್ಲಗ್ಗು ತಂದು ಸೆರಗಿನಲ್ಲಿ ಒರೆಸಿ, ನಿಂಬೆಹೋಳಿನ ಜೊತೆ ಗಂಡನ ಕೈಯಲ್ಲಿಟ್ಟರು.

"ಹೋಗಿ, ದೃಷ್ಟಿ ತೆಗೀರಿ. ನಾನು ಸೀರೆ ಬದಲಾಯಿಸ್ಕೊಂಡು ಬರ್ತೀನಿ."

ಮನ್ಸೂರ್ ಪ್ಲಗ್ಗು ತಿರುಗಿಸಿ ಕೂರಿಸಿ "ಸ್ಪ್ಯಾನರ್ ಕೊಡಿ ಸರ್, ಬಿಗಿ ಮಾಡ್ಬೇಕು" ಅಂದ. ಜಯಸಿಂಹ ಯೋಚಿಸಿದರು. ಸ್ಪ್ಯಾನರೂ ಪೂಜೆಯಲ್ಲಿತ್ತು. ಒಂದೇ ದಿನ ಎಷ್ಟು ಅಂತ ಕದಲಿಸುವುದು? "ಕೈಯಲ್ಲೇ ಎಷ್ಟಾಗತ್ತೋ ಅಷ್ಟು ಬಿಗಿ ಮಾಡಪ್ಪಾ, ಸಾಕು" ಎಂದರು. ಸ್ವಭಾವ ಒಂದೇ ಬೆಳಿಗ್ಗೆಗೆ ಪೂರ್ತಿ ಬದಲಾಗುವುದಿಲ್ಲವಲ್ಲ.

ಮೊದಲ ಒದೆಗೇ ಗಾಡಿ ಹೊಗೆ ಕಾರಿ ಎದ್ದಿತು. ಸೀತಮ್ಮ ಹೊರಗೆ ಬಂದರು. ಗಿಣಿಹಸಿರು ರೇಷ್ಮೆ, ಮರೂನ್ ಅಂಚು. ಸೆರಗಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಹಳೆಯ ಗ್ರೀಸಿನ ಕಲೆ ಮಸುಕಾಗಿ ಉಳಿದಿತ್ತು. ಮನ್ಸೂರ್ ಸೀರೆ ನೋಡಿದ, ಟ್ಯಾಂಕು ನೋಡಿದ, ಬಣ್ಣದ ಬಗ್ಗೆ ಆಮೇಲೆ ಜನ್ಮದಲ್ಲಿ ಮಾತಾಡಲಿಲ್ಲ.

ಚಕ್ರದಡಿಯ ನಿಂಬೆಹೋಳು ಪಚಕ್ಕೆಂದಿತು. ಗಾಡಿ ಗಣೇಶನ ಗುಡಿ ಮುಟ್ಟಿತು. ಅರ್ಚಕರು ಹೂ ಹಾಕಿದರು. ವಾಪಸ್ ಹೊರಟಿತು. ಜಯಸಿಂಹ ಮೀಸೆಯಲ್ಲೇ ನಗುತ್ತಿದ್ದರು. ಮನೆಗೆ ಇನ್ನು ಎರಡೇ ಕ್ರಾಸ್ ಇರುವಾಗ ಸಡಿಲವಿದ್ದ ಪ್ಲಗ್ಗು ಫಟ್ ಎಂದು ಕಿತ್ತು ಹಾರಿ ಮೋರಿಗೆ ಬಿತ್ತು. ಗಾಡಿ ನಿಂತಿತು.

ಜಯಸಿಂಹ ಇಳಿದರು. ಹಿಂದೆ ತಿರುಗಿ ನೋಡಲು ಧೈರ್ಯ ಸಾಲಲಿಲ್ಲ. ಓಡಿಕೊಂಡೇ ವಾಪಸ್ ಬರಬೇಕು ಅನ್ನುವುದು ಕರಾರು. ಯಶವಂತಪುರದ ಕಡೆಯಿಂದ ಒಂದು ಬಸ್ಸು ಬರುತ್ತಿತ್ತು. ಅದು ಹತ್ತಿರ ಬಂತು, ನಿಧಾನ ಮಾಡಿತು, ಮುಂದೆ ಹೋಯಿತು.

ಸೀತಮ್ಮ ಸೀಟಿನಿಂದ ಅಲ್ಲಾಡಿರಲಿಲ್ಲ. ಬೆನ್ನಿಗೆ ಆಸರೆ ಕೊಟ್ಟುಕೊಂಡು ಆರಾಮಾಗಿ ಕೂತಿದ್ದರು.

"ನಾನಂತೂ ಇಳಿಯಲ್ಲ. ಆವತ್ತು ನಾನು ತಳ್ಳಿದೀನಿ. ಇವತ್ತು ನೀವು ತಳ್ಳಿ."

ಜಯಸಿಂಹ ಪಂಚೆ ಬಿಗಿದು ತಳ್ಳತೊಡಗಿದರು. ಚೆಂಡುಹೂವಿನ ಹಾರ ಹಾಕಿದ ಹಸಿರು ಗಾಡಿ, ಮೇಲೆ ಹಸಿರು ರೇಷ್ಮೆ ಉಟ್ಟು ಕೂತ ಹೆಂಗಸು. ದಾರಿಯಲ್ಲಿ ಒಬ್ಬ ಅಜ್ಜಿ ಚಪ್ಪಲಿ ಬಿಟ್ಟು ಕೈ ಮುಗಿದಳು. ಅರ್ಧ ದಾರಿಯಲ್ಲಿ ಜಯಸಿಂಹ ಏದುಸಿರು ಬಿಡುತ್ತಾ, ಕೇಳಲೋ ಬೇಡವೋ ಎಂದು ಕೇಳಿದರು.

"ನಾಳೆ... ಗುಜರಿಯವನು?"

"ಬರ್ಲಿ ಬಿಡಿ. ಹಳೇ ಪೇಪರ್ ಬೇಕಾದಷ್ಟಿದೆ" ಎಂದರು ಸೀತಮ್ಮ. "ಬೇಗ ತಳ್ರೀ, ಪ್ರಿಯಂವದಾ ಬರೋ ಹೊತ್ತಾಯ್ತು."